ತೊಳೆದು ಕೊಟ್ಟ ಫೋನು

ಬಳ್ಳಾರಿಯ ಒಂದು ಬೀಜದ ಕಂಪನಿಯ ಆಫೀಸಿನಲ್ಲಿ ನಾನು ಕೆಲಸ ಮಾಡುತ್ತೇನೆ. ನನ್ನ ಹುದ್ದೆಗೆ ಕಾಗದದ ಮೇಲೆ ಒಂದು ಉದ್ದನೆಯ ಹೆಸರಿದೆ. ಅದನ್ನು ಯಾರೂ ಬಳಸುವುದಿಲ್ಲ. ಹೊಲ ತಿರುಗುವ ನಮ್ಮ ಸಿಬ್ಬಂದಿಗೆ ನಾನು ‘ಫೋನಿನ ಮೇಡಮ್ಮ’. ಕಂಪನಿಯ ಫೋನುಗಳನ್ನು ಹಂಚುವವಳು ನಾನು, ವಾಪಸ್ ಇಸಿದುಕೊಳ್ಳುವವಳು ನಾನು, ಅವು ಕೆಟ್ಟರೆ ಬೈಸಿಕೊಳ್ಳುವವಳೂ ನಾನೇ. ಬೈಸಿಕೊಂಡು ಸುಮ್ಮನಿರುವ ಜಾಯಮಾನ ಮಾತ್ರ ನನ್ನದಲ್ಲ. ನಮ್ಮ ಮನೆಯವರೆಲ್ಲ ಮೇಷ್ಟರು, ಗುಮಾಸ್ತರು. ಮೇಲಿನವರ ಮುಂದೆ ತಗ್ಗಿ ಬಗ್ಗಿ ನಡೆದವರು. ಇವಳೊಬ್ಬಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅಮ್ಮ ಈಗಲೂ ಹೇಳುತ್ತಾಳೆ. ಹೇಳಲಿ. ಆ ಸಿಟ್ಟು ಒಂದು ಸಲವಾದರೂ ಸರಿಯಾದ ಜಾಗದಲ್ಲಿ ಖರ್ಚಾಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫೋನಿನ ಬೀಗದ ವಿಷಯ ಮೊದಲು ಹೇಳಿಬಿಡಬೇಕು. ಈಗಿನ ಫೋನಿಗೆ ಒಂದು ಮೇಲ್ ಐಡಿ ಹಾಕಿರುತ್ತೀರಿ. ಬದಿಯ ಗುಂಡಿಗಳನ್ನು ಒತ್ತಿ ಹಿಡಿದು ಆ ಫೋನನ್ನು ರೀಸೆಟ್ ಮಾಡಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ. ಆದರೆ ಮತ್ತೆ ಚಾಲೂ ಮಾಡುವಾಗ, ಮೊದಲು ಇದರಲ್ಲಿದ್ದ ಐಡಿ ಯಾವುದು, ಪಾಸ್‌ವರ್ಡ್ ಏನು ಎಂದು ಅದು ಕೇಳುತ್ತದೆ. ಹೇಳದಿದ್ದರೆ ಅಲ್ಲೇ ನಿಲ್ಲುತ್ತದೆ. ಕದ್ದವನ ಕೈಯಲ್ಲಿ ಫೋನು ಕೆಲಸಕ್ಕೆ ಬಾರದಂತಾಗಲಿ ಎಂದು ಮಾಡಿದ ಬೀಗ ಅದು, ಒಳ್ಳೆಯದೇ. ಕಂಪನಿಯ ಫೋನಾದರೆ ಕಂಪನಿಯ ಐಡಿಯಿಂದಲೂ ಆ ಬೀಗ ತೆರೆಯುವಂತೆ ಮೊದಲೇ ವ್ಯವಸ್ಥೆ ಮಾಡಿಡಬಹುದು. ಮಾಡಿಡಬೇಕು. ನಾನು ಮಾಡಿರಲಿಲ್ಲ.

ಯಾಕೆ ಮಾಡಿರಲಿಲ್ಲ ಎಂದರೆ, ನಲವತ್ತು ಫೋನುಗಳು ಬಂದಿಳಿದಾಗ ಬಿತ್ತನೆ ಶುರುವಾಗಿತ್ತು. ಸಿರುಗುಪ್ಪ, ಕುರುಗೋಡು ಕಡೆಯ ರೈತರು ನಮ್ಮ ಕಂಪನಿಗಾಗಿ ಹತ್ತಿ, ಮೆಣಸಿನಕಾಯಿ ಬೀಜ ಬೆಳೆಯುತ್ತಾರೆ. ನಮ್ಮ ಮೇಲ್ವಿಚಾರಕಿಯರು ಹೊಲ ಹೊಲ ತಿರುಗಿ ಹೂವು ನೋಡಿ, ಫೋಟೊ ಹೊಡೆದು, ಅಲ್ಲಿಂದಲೇ ಆಫೀಸಿಗೆ ಕಳಿಸಬೇಕು. ಅವಸರ ಅವಸರ. ಫೋನುಗಳನ್ನು ಹಿಡಿತದಲ್ಲಿಡುವ ಸಾಫ್ಟ್‌ವೇರ್ ಬೇಕು ಎಂದು ನಾನು ಕೇಳಿದ್ದೆ, ಮುಂದಿನ ಹಂಗಾಮಿಗೆ ನೋಡೋಣ ಎಂದಿದ್ದರು. ಒಮ್ಮೆ ಕೇಳಿ ಬಿಟ್ಟೆ. ಬೆನ್ನು ಹತ್ತಿ ಕೇಳಲಿಲ್ಲ. ಸಿರುಗುಪ್ಪದ ಗೋದಾಮಿನಲ್ಲಿ ಒಂದು ಮೇಜು ಹಾಕಿಕೊಂಡು ಕೂತು, “ನಿಮ್ಮ ನಿಮ್ಮ ಮೇಲ್ ಐಡಿ ಹಾಕ್ಕೊಳ್ರಿ” ಎಂದು ಹಂಚಿಬಿಟ್ಟೆ.

ಮುಕ್ಕಾಲು ಪಾಲು ಹೆಂಗಸರಿಗೆ ಮೇಲ್ ಐಡಿಯೇ ಇರಲಿಲ್ಲ. ಅವರು ಊರಿನ ಮೊಬೈಲ್ ಅಂಗಡಿಗೆ ಹೋದರು. ಅಂಗಡಿಯವನು ಐಡಿ ಮಾಡಿಕೊಟ್ಟು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಫೋನಿನ ಹಿಂದಿನ ಕವರಿನೊಳಗೆ ಸಿಕ್ಕಿಸಿ ಕಳಿಸಿದ. ಫೋನು ಹ್ಯಾಂಗಾಗಿ ನಿಂತಾಗ ಅಳಿಸುವುದು ಹೇಗೆಂದೂ ಅವನೇ ಹೇಳಿಕೊಟ್ಟ: ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿ, ಎಲ್ಲ ಹೋಗುತ್ತದೆ.

ಇನ್ನು ವಾಪಸ್ ಕೊಡುವ ಸಂಗತಿ. ನಮ್ಮ ಕಡೆ ಒಬ್ಬರ ಮನೆಯಿಂದ ತಂದ ಪಾತ್ರೆಯನ್ನು ಹಾಗೇ ವಾಪಸ್ ಕೊಡುವುದಿಲ್ಲ. ಹುಣಸೆಹಣ್ಣು ಹಚ್ಚಿ, ತಿಕ್ಕಿ, ತೊಳೆದು, ಒಳಗೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಕೆಲಸ ಬಿಟ್ಟ ತೆಕ್ಕಲಕೋಟೆಯ ಒಬ್ಬಾಕೆ ತಂದುಕೊಟ್ಟ ಫೋನು ಹೊಸ ಕರವಸ್ತ್ರದಲ್ಲಿ ಸುತ್ತಿತ್ತು. ಚಾರ್ಜರಿನ ವೈರನ್ನೂ ಒರೆಸಿದ್ದಳು. ಒಳಗೂ ಅಷ್ಟೇ ಸ್ವಚ್ಛ. ಗುಂಡಿ ಒತ್ತಿ ಎಲ್ಲ ಅಳಿಸಿದ್ದಳು. ಹಾಗೇಕೆ ಮಾಡಿದಿರಿ ಎಂದು ಕೇಳಿದರೆ, “ಮಂದಿ ಸಾಮಾನು ಮುಸುರಿ ಇಟ್ಟು ಕೊಡಾಕ ಬರತೈತೇನ್ರಿ?” ಎಂದು ನನ್ನನ್ನೇ ಕೇಳಿದಳು. ಅವರ ಮಾತಿನಲ್ಲಿ ಅದು ಫೋನು ತೊಳೆದು ಕೊಡುವುದು. ನಾನೇ ಬರೆದ ವಾಪಸಾತಿ ಫಾರಂನಲ್ಲೂ ‘ಸ್ವಂತದ್ದು ಏನೂ ಉಳಿಯದಂತೆ ಕೊಡತಕ್ಕದ್ದು’ ಎಂಬ ಸಾಲಿತ್ತು. ಅಳಿಸುವ ಮೊದಲು ಐಡಿ ತೆಗೆಯಿರಿ ಎಂಬ ಸಾಲು ಮಾತ್ರ ಇರಲಿಲ್ಲ. ಹಾಗಾಗಿ ಬಂದ ಫೋನೆಲ್ಲ ಬೀಗ ಬಿದ್ದೇ ಬರುತ್ತಿತ್ತು. ನಾನು ಅವರಿಗೆ ಫೋನ್ ಮಾಡಿ, ಚೀಟಿ ಹುಡುಕಿಸಿ, ಹೇಗೋ ತೆರೆಸುತ್ತಿದ್ದೆ. ಕಿರಿಕಿರಿಯ ಕೆಲಸ. ಆದರೆ ಅದನ್ನು ಅಪರಾಧ ಎಂದು ಯಾರೂ ಕರೆದಿರಲಿಲ್ಲ, ಆ ಶುಕ್ರವಾರದ ತನಕ.

ಅಂದು ಕುರುಗೋಡಿನಿಂದ ಬಂದವಳು ಏಳು ವರ್ಷ ನಮ್ಮಲ್ಲಿ ಹೊಲ ತಿರುಗಿದ ಹೆಂಗಸು. ನನಗಿಂತ ಎರಡು ಮೂರು ವರ್ಷ ದೊಡ್ಡವಳು. ಮೊಣಕಾಲು ನೋವು ಶುರುವಾಗಿ ಬದು ಹತ್ತಿ ಇಳಿಯುವುದು ಆಗದಾಗಿತ್ತು. ಸಿರುಗುಪ್ಪದಲ್ಲಿ ಇನ್ನೊಂದು ಬೀಜದ ಕಂಪನಿಯ ಲ್ಯಾಬಿನಲ್ಲಿ, ಕೂತು ಮೊಳಕೆ ಎಣಿಸುವ ಕೆಲಸ ಅವಳಿಗೆ ಸಿಕ್ಕಿತ್ತು. ಸೋಮವಾರ ಸಂಜೆಯೊಳಗೆ ಸೇರಬೇಕು, ಸೇರುವಾಗ ಹಳೆಯ ಕಂಪನಿಯ ಬಿಡುಗಡೆ ಪತ್ರ ತರಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿದ್ದ ಮುಂದಿನವರಿಗೆ ಆ ಕೆಲಸ. ಅವಳು ಫೋನನ್ನು ಮ್ಯಾನೇಜರರ ಕೈಗೇ ಕೊಟ್ಟು, ಸಿಮ್ಮನ್ನು ಬೇರೆ ಲಕೋಟೆಯಲ್ಲಿಟ್ಟು ಕೊಟ್ಟು, ಪತ್ರಕ್ಕೆ ಸೋಮವಾರ ಬೆಳಿಗ್ಗೆ ಬರುತ್ತೇನೆಂದು ಹೇಳಿ ಹೋದಳು.

ಅವಳು ಎದುರಾಳಿ ಕಂಪನಿಗೆ ಹೋಗುತ್ತಿರುವುದು ನಮ್ಮ ಮ್ಯಾನೇಜರರಿಗೆ ಮೊದಲೇ ಹೊಟ್ಟೆಯುರಿ. ಫೋನು ಚಾಲೂ ಮಾಡಿದರು, ಬೀಗ. ಒಂದು ಗಂಟೆಯೊಳಗೆ ನನ್ನನ್ನು ಕರೆದರು.

“ನೋಡ್ರಿ ಮೇಡಂ, ಬೇಕಂತನ ಲಾಕ್ ಮಾಡಿ ಕೊಟ್ಟಾಳ. ನಮ್ಮ ರೈತರ ಪಟ್ಟಿ, ಫೋಟೊ ಎಲ್ಲಾ ಅಳಿಸ್ಯಾಳ. ದುರುದ್ದೇಶದಿಂದ ಮಾಡ್ಯಾಳ ಅಂತ ಒಂದು ರಿಪೋರ್ಟ್ ಬರದು ಕೊಡ್ರಿ.”

“ಪಟ್ಟಿ, ಫೋಟೊ ಎಲ್ಲ ಆಫೀಸಿನ ಕಂಪ್ಯೂಟರ್‌ದಾಗ ಅದಾವ ಸಾರ್. ಎಲ್ಲರೂ ಹಿಂಗ ಕೊಡ್ತಾರ. ಇದು ನಾನು ಫೋನ್ ಹಂಚಿದ ರೀತಿಯಾಗಿನ ತಪ್ಪು.”

“ನಿಮ್ಮ ತಪ್ಪು ಅಂತ ಬರದ್ರ ನಿಮ್ಮ ಮ್ಯಾಲನ ಬರತೈತಿ.”

“ಬರ್ಲಿ.”

ಅವರು ಮುಖ ಸಿಂಡರಿಸಿಕೊಂಡು, ಆಗಲೇ ಹೆಡ್ ಆಫೀಸಿಗೆ ಮೇಲ್ ಹಾಕಿಯಾಗಿದೆ ಎಂದರು. ನನ್ನೆದುರಿಗೇ ಅವಳಿಗೂ ಫೋನ್ ಹಚ್ಚಿ, ಸೋಮವಾರದೊಳಗೆ ಬೀಗ ತೆರೆಯದಿದ್ದರೆ ಪತ್ರವೂ ಇಲ್ಲ, ಮೇಲಿಂದ ಪೊಲೀಸರಿಗೆ ದೂರು ಎಂದರು. ಅವಳು ನನ್ನ ಫಾರಂ ಹೇಳಿದಂತೆ ಮಾಡಿದ್ದಳು, ಅದಕ್ಕೆ ಅವಳನ್ನು ಕಳ್ಳಿ ಮಾಡುತ್ತಿದ್ದರು.

ಶನಿವಾರ ಬೆಳಿಗ್ಗೆ ಆ ಫೋನನ್ನು ರಿಜಿಸ್ಟರಿನಲ್ಲಿ ನನ್ನ ಹೆಸರಿಗೆ ಬರೆದು, ಚೀಲಕ್ಕೆ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಅವಳು ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಅಳುತ್ತಿರಬಹುದು ಎಂದುಕೊಂಡು ಹೋಗಿದ್ದೆ. ಅವಳು ಸಿಟ್ಟಿನಿಂದ ಕುದಿಯುತ್ತಿದ್ದಳು.

“ಎರಡು ವರ್ಷ ಒಂದು ಗೀರು ಬೀಳದಂಗ ಇಟ್ಕೊಂಡೀನಿ ಮೇಡಮ್ಮ. ಮಕ್ಕಳಿಗೆ ಸೈತ ಮುಟ್ಟಾಕ ಕೊಟ್ಟಿಲ್ಲ. ಅಂಥಾಕಿಗೆ ಪೊಲೀಸ್ರು ಅಂತಾರ. ಬರ್ಲಿ, ನಾನೂ ಇಲ್ಲೇ ಅದೀನಿ.”

“ಪಾಸ್‌ವರ್ಡ್ ಏನು ನೆನಪೈತೇನು?”

“ನಾ ಎಂದರ ನೋಡಿದ್ರ ನೆನಪಿರತೈತಿ! ಅಂಗಡ್ಯಾತ ಮಾಡಿದ್ದು.”

ಇಬ್ಬರೂ ಬಸ್ ಸ್ಟ್ಯಾಂಡಿನ ಹತ್ತಿರದ ಆ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯವನಿಗೆ ಐಡಿ ನೆನಪಿತ್ತು, ಪಾಸ್‌ವರ್ಡ್ ಇರಲಿಲ್ಲ. “ಚೀಟಿ ಬರದು ಕವರಿನಾಗ ಇಟ್ಟಿದ್ನಲ್ಲಮ್ಮ?” ಎಂದ.

ಅವಳ ಮುಖ ಸಣ್ಣದಾಯಿತು. “ಕವರೂ ತೊಳದೆ. ಸೋಪಿನ ಪುಡಿ ಹಾಕಿ ನೆನಸಿ ತಿಕ್ಕಿದೆ. ಒಳಗೊಂದು ಕಾಗದ ಮುದ್ದಿ ಆಗಿತ್ತು, ಕಸ ಅಂತ ಚೆಲ್ಲಿದೆ.”

ನನಗೆ ನಗು ತಡೆಯಲಾಗಲಿಲ್ಲ. ಮೊದಲು ಅವಳು ದುರುಗುಟ್ಟಿ ನೋಡಿದಳು, ಆಮೇಲೆ ತಾನೂ ನಕ್ಕಳು. ಬೇಕಂತಲೇ ಲಾಕ್ ಮಾಡುವವಳು ಕವರನ್ನು ಸೋಪಿನ ನೀರಲ್ಲಿ ನೆನೆಸುತ್ತಾಳೆಯೇ? ಇದನ್ನು ಯಾವ ರಿಪೋರ್ಟಿನಲ್ಲಿ ಬರೆಯಲಿ ಎಂದು ಯೋಚಿಸುತ್ತಿರುವಾಗ ಅಂಗಡಿಯವನು ಹೇಳಿದ, “ಚೀಟಿ ಹೋದ್ರ ಹೋಗ್ಲಿ ಬಿಡ್ರಿ. ಪಾಸ್‌ವರ್ಡ್ ಮರತ್ರ ಕೋಡ್ ಬರಾಕ ಅಂತ ಆ ಕಂಪನಿ ಸಿಮ್ಮಿನ ನಂಬರನ್ನ ಕೊಟ್ಟೀನಿ. ಸಿಮ್ ಎಲ್ಲೈತಿ?”

ಸಿಮ್ ಶುಕ್ರವಾರ ಲಕೋಟೆಯಲ್ಲಿ ನಮ್ಮ ಆಫೀಸಿಗೆ ಬಂದಿತ್ತು. ಮ್ಯಾನೇಜರರು ಅದನ್ನು ತಮ್ಮ ಮೇಜಿನ ಡ್ರಾಯರಿಗೆ ಹಾಕಿದ್ದನ್ನು ನಾನೇ ನೋಡಿದ್ದೆ. ಅಂದರೆ ಬೀಗದ ಕೀಲಿ ನಮ್ಮ ಹತ್ತಿರವೇ ಇತ್ತು. ಕೀಲಿಯನ್ನು ತಾವೇ ಇಟ್ಟುಕೊಂಡು, ತೆರೆದುಕೊಡು ಎಂದು ಅವಳ ಕುತ್ತಿಗೆಯ ಮೇಲೆ ಕೂತಿದ್ದರು. ನಗು ಅಲ್ಲಿಗೇ ನಿಂತುಹೋಯಿತು.

ಮನೆಗೆ ಬನ್ನಿ, ಊಟ ಮಾಡಿ ಹೋಗಿ ಎಂದು ಅವಳು ಕೈ ಹಿಡಿದು ಎಳೆದಳು. ಅರ್ಧ ರೊಟ್ಟಿಯನ್ನು ನಿಂತೇ ತಿಂದು, ಮಜ್ಜಿಗೆ ಕುಡಿದು, ಒಂದು ಗಂಟೆಯ ಹೊತ್ತಿಗೆ ಬಳ್ಳಾರಿಯಲ್ಲಿದ್ದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಶನಿವಾರವಾದ್ದರಿಂದ ಮ್ಯಾನೇಜರರು ಹೊರಡುವ ತಯಾರಿಯಲ್ಲಿದ್ದರು. ವಿಷಯ ಹೇಳಿ ಸಿಮ್ ಕೇಳಿದೆ.

“ಸೋಮವಾರ ನೋಡೋಣ್ರಿ.”

“ಸೋಮವಾರ ಆದ್ರ ಆಗಂಗಿಲ್ಲ ಸಾರ್. ಪಾಸ್‌ವರ್ಡ್ ಬದಲಿ ಮಾಡಿದ ಮ್ಯಾಲ ಒಂದು ದಿನ ಕಾಯಬೇಕು. ಅಲ್ಲೀತನಕ ಫೋನ್ ಒಪ್ಪಂಗಿಲ್ಲ.”

“ಹಂಗಾದ್ರ ಆಕಿ ಹಣೆಬರಹ. ಆಕಿ ಮಾಡಿದ್ದು ಆಕಿ ಅನುಭವಿಸ್ತಾಳ. ನೀವ್ಯಾಕ ಇಷ್ಟು ತಲಿ ಕೆಡಿಸ್ಕೊಂತೀರಿ?”

ಡ್ರಾಯರಿಗೆ ಬೀಗ ಇರಲಿಲ್ಲ. ಸಿಮ್ಮುಗಳ ಲೆಕ್ಕ ಇಡುವುದು ನನ್ನ ಕೆಲಸ; ಆ ಲಕೋಟೆ ನನ್ನ ಕಪಾಟಿನಲ್ಲಿರಬೇಕಿತ್ತು. ನಾನು ಮೇಜು ಬಳಸಿ ಹೋಗಿ, ಅವರ ಕಣ್ಣೆದುರಿಗೇ ಡ್ರಾಯರು ಎಳೆದು, ಲಕೋಟೆ ತೆಗೆದುಕೊಂಡೆ. ಕದ್ದುಮುಚ್ಚಿ ಏನೂ ಇರಲಿಲ್ಲ. ರಿಜಿಸ್ಟರು ತರಿಸಿ, ದಿನ, ಹೊತ್ತು ಬರೆದು, ಕಾರಣದ ಜಾಗದಲ್ಲಿ ‘ನಮ್ಮ ಆಫೀಸಿನ ತಪ್ಪು ಸರಿಪಡಿಸಲು’ ಎಂದು ಬರೆದು ಸಹಿ ಹಾಕಿದೆ. ಅವರು ಎದ್ದು ನಿಂತು, “ನಿಮಗ ಮೆಮೊ ಬರತೈತಿ” ಎಂದರು. ಬರಲಿ ಎನ್ನಲು ಕೂಡ ನನಗೆ ಪುರುಸೊತ್ತಿರಲಿಲ್ಲ.

ಸಿಮ್ಮನ್ನು ನನ್ನ ಫೋನಿಗೆ ಹಾಕಿ ಅವಳಿಗೆ ಕರೆ ಮಾಡಿದೆ. ಅವಳು ಅಂಗಡಿಯಲ್ಲಿ ಕೂತು ತನ್ನ ಗಂಡನ ಫೋನಿನಲ್ಲಿ ಐಡಿ ಹಾಕಿದಳು, ಕೋಡ್ ನನಗೆ ಬಂತು, ಓದಿ ಹೇಳಿದೆ. ಹೊಸ ಪಾಸ್‌ವರ್ಡ್ ಕೇಳುತ್ತಿದೆ, ಏನು ಹಾಕಲಿ ಎಂದಳು. ನನಗೂ ಹೇಳಬೇಡ, ಅಂಗಡಿಯವನಿಗೂ ತೋರಿಸಬೇಡ, ನಿನಗೆ ಮರೆಯದಂಥದ್ದು ಹಾಕು ಎಂದೆ. ಆಮೇಲೆ, “ಹಾಕಿದೆ ಮೇಡಮ್ಮ. ಈಗ ಇದು ನಂದು” ಎಂದಳು.

ಭಾನುವಾರ ಮಧ್ಯಾಹ್ನ ಅವಳೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಅಮ್ಮ ಕಾಫಿ ಕೊಟ್ಟಳು. ಶನಿವಾರ ಕೋಡ್ ಬಂದ ಹೊತ್ತು ದಾಟಲಿ ಎಂದು ಫೋನನ್ನು ಮುಂದಿಟ್ಟುಕೊಂಡು ಇಬ್ಬರೂ ಗಡಿಯಾರ ನೋಡುತ್ತಾ ಕೂತೆವು. ಹೊತ್ತು ಮೀರಿದ ಮೇಲೂ ಇನ್ನೊಂದು ತಾಸು ಬಿಟ್ಟೆ, ನನಗೆ ಧೈರ್ಯ ಸಾಲಲಿಲ್ಲ. ಅವಳು ಒಂದೊಂದೇ ಅಕ್ಷರ ಒತ್ತಿದಳು. ಫೋನು ಸ್ವಲ್ಪ ಹೊತ್ತು ಸುತ್ತಿ ಸುತ್ತಿ ಕೊನೆಗೆ ತೆರೆಯಿತು. ಅವಳ ಕೈಯಿಂದಲೇ ಐಡಿ ತೆಗೆಸಿ, ಸೆಟ್ಟಿಂಗ್ಸ್ ಒಳಗಿನಿಂದಲೇ ಮತ್ತೆ ಅಳಿಸಿದೆವು. ಈ ಸಲ ಅದು ಯಾರ ಹೆಸರನ್ನೂ ಕೇಳಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಅಮ್ಮನನ್ನು ಕರೆದು ತೋರಿಸಿದೆ. ಅಮ್ಮನಿಗೆ ಏನೂ ತಿಳಿಯಲಿಲ್ಲ, ಆದರೂ ಚೆನ್ನಾಗಿದೆ ಎಂದಳು.

ಇಷ್ಟಾದರೆ ಮುಗಿಯಿತು ಎಂದು ನಾವಿಬ್ಬರೂ ತಿಳಿದಿದ್ದೆವು. ಸೋಮವಾರ ಹತ್ತು ಗಂಟೆಗೆ ಫೋನನ್ನೂ ನನ್ನ ರಿಪೋರ್ಟನ್ನೂ ಮ್ಯಾನೇಜರರ ಮುಂದಿಟ್ಟೆ. ಅವಳು ನನ್ನ ಪಕ್ಕದಲ್ಲಿ ನಿಂತಿದ್ದಳು. ಅವರು ಫೋನು ತಿರುಗಿಸಿ ನೋಡಿದರು, ರಿಪೋರ್ಟು ಓದಿದರು. ಬಿಡುಗಡೆ ಪತ್ರ ಟೈಪಾಗಿ ಅವರ ಮೇಜಿನ ಮೇಲೇ ಇತ್ತು.

“ಪತ್ರಕ್ಕ ಈಗಲೇ ಸಹಿ ಹಾಕ್ತೀನ್ರಿ. ಈ ರಿಪೋರ್ಟಿನಾಗ ಒಂದು ಸಾಲು ಬದಲಿ ಮಾಡ್ರಿ ಅಷ್ಟ. ದುರುದ್ದೇಶದಿಂದ ಲಾಕ್ ಮಾಡಿದ್ಲು, ಒತ್ತಾಯ ಮಾಡಿದ ಮ್ಯಾಲ ತೆರೆದುಕೊಟ್ಲು ಅಂತ. ನಾನು ಹೆಡ್ ಆಫೀಸಿಗೆ ಹಂಗ ಬರದೀನಿ. ಇದು ನಮ್ಮ ಫೈಲಿನಾಗ ಇರತೈತಿ. ಆಕಿ ಪತ್ರದಾಗ ಏನೂ ಬರಂಗಿಲ್ಲ.”

ನಿಜ ಹೇಳುತ್ತೇನೆ, ಒಂದು ಗಳಿಗೆ ನನ್ನ ಮನಸ್ಸು ಅತ್ತ ವಾಲಿತು. ಫೈಲನ್ನು ಯಾರು ನೋಡುತ್ತಾರೆ? ಸಂಜೆಯೊಳಗೆ ಅವಳು ಸಿರುಗುಪ್ಪದಲ್ಲಿರಬೇಕು. ನಾನು ಅವಳ ಕಡೆ ನೋಡಿದೆ.

ಅವಳು ನನ್ನನ್ನು ನೋಡಲಿಲ್ಲ. ನೇರ ಮ್ಯಾನೇಜರರನ್ನೇ ಕೇಳಿದಳು, “ದುರುದ್ದೇಶ ಅಂದ್ರ ನಾನು ಕೆಟ್ಟ ಬುದ್ಧಿಲೆ ಮಾಡೀನಿ ಅಂತಲ್ರಿ ಸಾರ್?”

ಅವರು ಪೆನ್ನಿನ ಮುಚ್ಚಳ ತೆಗೆದರು.

“ಹಂಗಾದ್ರ ಬ್ಯಾಡ್ರಿ. ಏಳು ವರ್ಷ ಬಿಸಿಲಾಗ ತಿರುಗೀನಿ. ನನ್ನ ಹೆಸರಿನ ಮುಂದ ಅದನ್ನ ಬರಸಿಟ್ಟು, ಆ ಪತ್ರ ತಗೊಂಡು ನಾನು ಎಲ್ಲೂ ಹೋಗಂಗಿಲ್ಲ.”

ಅಲ್ಲೇ ನಿಂತು ಅವಳು ಸಿರುಗುಪ್ಪದ ಲ್ಯಾಬಿಗೆ ಫೋನ್ ಹಚ್ಚಿದಳು. ಪತ್ರ ಸಿಗಲಿಲ್ಲ ಎಂದಳು, ಯಾಕೆ ಎನ್ನುವುದನ್ನೂ ಒಂದೂ ಬಿಡದೆ ಹೇಳಿದಳು. ಆ ಕಡೆಯವರು ಏನೋ ಅಂದರು. ಫೋನ್ ಇಟ್ಟು ನನ್ನ ಕಡೆ ತಿರುಗಿ, “ಪತ್ರ ಆಮ್ಯಾಲ ತಂದ್ರೂ ನಡೀತೈತಂತ್ರಿ. ಯಾಕ ಕೊಡಲಿಲ್ಲ ಅಂತ ಅಲ್ಲಿಯೋರು ಯಾರರ ಬರದು ಸಹಿ ಮಾಡಿಕೊಟ್ರ, ಇವತ್ತ ಸೇರಸ್ಕೊಂತೀವಿ ಅಂತಾರ” ಎಂದಳು. ಬರೆದುಕೊಡಿ ಎಂದು ನನ್ನನ್ನು ಕೇಳಲಿಲ್ಲ. ಹಾಗೇ ನಿಂತಿದ್ದಳು.

ನಾನು ರಿಪೋರ್ಟಿಗೆ ಕೈ ಹಾಕಿದೆ. “ಅದು ಆಫೀಸಿನ ಕಾಗದ. ಹೊರಗ ಹೋದ್ರ ನಿಮ್ಮ ಕೆಲಸ ಹೋದಂಗ” ಎಂದರು ಮ್ಯಾನೇಜರರು.

ನನಗೆ ಹೆದರಿಕೆಯಾಯಿತು. ಮನೆ ನಡೆಯುವುದು ನನ್ನ ಕೆಲಸದಿಂದ. ಬೇರೆ ಕಂಪನಿಯವರ ಕೈಗೆ ನಮ್ಮ ತಪ್ಪನ್ನು ಬರೆದುಕೊಡುವುದೆಂದರೆ ಸಣ್ಣ ಮಾತಲ್ಲ. ಆದರೆ ಅವಳು ಕೈಗೆ ಬಂದಿದ್ದ ಪತ್ರವನ್ನು ಬಿಟ್ಟು ನಿಂತಿರುವಾಗ ನಾನು ನನ್ನ ಕುರ್ಚಿ ಹಿಡಿದುಕೊಂಡು ಕೂರುವುದೇ? ಆಫೀಸಿನ ಕಾಗದ ಆಫೀಸಿಗೇ ಇರಲಿ ಎಂದು ರಿಪೋರ್ಟನ್ನು ಅವರ ಕಡೆಗೇ ಸರಿಸಿದೆ. ನನ್ನ ಚೀಲದೊಳಗಿನ ನೋಟ್ ಪುಸ್ತಕದಿಂದ ಒಂದು ಬಿಳಿ ಹಾಳೆ ಹರಿದುಕೊಂಡು ಅವರ ಮೇಜಿನ ಮೇಲೇ ಬರೆದೆ. ‘ಈಕೆ ಫೋನನ್ನು ಕ್ರಮವಾಗಿ ಹಿಂತಿರುಗಿಸಿದ್ದಾರೆ. ಅದಕ್ಕೆ ಬೀಗ ಬಿದ್ದದ್ದು ಫೋನು ಹಂಚಿದ ನನ್ನ ತಪ್ಪಿನಿಂದ. ಆ ಬೀಗ ತೆರೆಯಲು ಬೇಕಾಗಿದ್ದ ಸಿಮ್ ನಮ್ಮ ಬಳಿಯೇ ಇತ್ತು. ಈಕೆಯದು ಏನೂ ತಪ್ಪಿಲ್ಲ.’ ಕೆಳಗೆ ನನ್ನ ಹೆಸರು, ಸಹಿ. ಸಹಿ ಸ್ವಲ್ಪ ಸೊಟ್ಟಗಾಯಿತು. ಅವಳು ಹಾಳೆಯನ್ನು ಮಡಿಚಿ ಪರ್ಸಿನಲ್ಲಿಟ್ಟುಕೊಂಡು, “ಬರ್ತೀನ್ರಿ ಸಾರ್” ಎಂದು ಅವರಿಗೂ ಹೇಳಿ, ಸಿರುಗುಪ್ಪದ ಬಸ್ಸಿಗೆ ಹೋದಳು. ಮೂರು ಗಂಟೆಗೆ ಸೇರಿಕೊಂಡೆ ಎಂದು ಫೋನ್ ಬಂತು.

ನನಗೆ ಮೆಮೊ ಬಂತು, ರಿಪೋರ್ಟಿನ ನಕಲು ಹಚ್ಚಿ ಹೆಡ್ ಆಫೀಸಿಗೆ ಉತ್ತರ ಕೊಟ್ಟೆ. ಮತ್ತೊಂದು ಬಂತು, ಅದಕ್ಕೂ ಕೊಟ್ಟೆ. ನನ್ನ ಕುರ್ಚಿ ಕಿಟಕಿಯ ಪಕ್ಕದಿಂದ ಗೋದಾಮಿನ ಬಾಗಿಲಿಗೆ ಹೋಯಿತು; ಅಲ್ಲಿ ಫ್ಯಾನಿನ ಗಾಳಿ ತಲುಪುವುದಿಲ್ಲ. ಕೆಲಸ ಮಾತ್ರ ಹೋಗಲಿಲ್ಲ. ಬಹುಶಃ ಹೆಡ್ ಆಫೀಸಿನವರು ನನ್ನ ರಿಪೋರ್ಟನ್ನು ಓದಿದರು, ಯಾಕೆಂದರೆ ನಾನು ಕೇಳಿದ್ದ ಸಾಫ್ಟ್‌ವೇರ್ ಅದೇ ಹಂಗಾಮಿನಲ್ಲಿ ಬಂತು. ಹಚ್ಚೊಳ್ಳಿ, ತೆಕ್ಕಲಕೋಟೆ, ಮೋಕ ಎಲ್ಲ ಕಡೆ ನಾನೇ ಓಡಾಡಿ ಒಂದೊಂದೇ ಫೋನನ್ನು ಕಂಪನಿಯ ಐಡಿಯ ಕೆಳಗೆ ತಂದೆ. ಈಗ ಯಾರು ಎಷ್ಟೇ ತೊಳೆದು ಕೊಟ್ಟರೂ ಬೀಗ ನಮ್ಮ ಕೈಯಿಂದಲೇ ತೆರೆಯುತ್ತದೆ. ಅವಳ ಬಿಡುಗಡೆ ಪತ್ರವನ್ನು ಕೆಲವು ದಿನ ಬಿಟ್ಟು ಅಂಚೆಯಲ್ಲಿ ಕಳಿಸಿದರಂತೆ.

ಮ್ಯಾನೇಜರರು ಬಹಳ ದಿನ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ವರ್ಷದ ಮೇಲೆ ಒಮ್ಮೆ ಗೋದಾಮಿನ ಬಾಗಿಲಲ್ಲಿ ನಿಂತು, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು.

“ಅವತ್ತು ಆ ಫೋನ್ ತೆರೀಲಿಲ್ಲ ಅಂದಿದ್ರ ಏನು ಬರೀತಿದ್ರಿ ಮೇಡಂ?”

“ಅದನ್ನೇ ಬರೀತಿದ್ದೆ ಸಾರ್,” ಎಂದೆ. “ಫೋನ್ ತೆರೀಲಿಲ್ಲ ಅಂತ ಇನ್ನೊಂದು ಸಾಲು ಸೇರಸ್ತಿದ್ದೆ.”